ಹಲ್ಲಿನಿಂದ ಕುತ್ತಿಗೆಗೆ ಇಳಿದ ಕೀವು: ಯಾವುದು ಮೊದಲು, ಯಾವುದು ಆಮೇಲೆ

ರಾತ್ರಿ ಒಂಬತ್ತರ ಮೇಲೆ ನನ್ನ ಫೋನಿಗೆ ಬರುವ ಫೋಟೋಗಳು ಹೆಚ್ಚುಕಮ್ಮಿ ಒಂದೇ ತರ. ದವಡೆಯ ಕೆಳಗೆ ಊತ, ಅದರ ಮೇಲೆ ಅರಿಶಿನವೋ ಮುಲಾಮೋ ಏನೋ ಒಂದು ಬಳಿದಿರುತ್ತದೆ, ಕೆಳಗೆ ಒಂದು ಸಾಲು: "ಡಾಕ್ಟ್ರೇ, ಹಲ್ಲುನೋವಿಗೆ ನಾಲ್ಕು ದಿನ ಮಾತ್ರೆ ತಗೊಂಡೆ, ನೋವು ಹೋಯ್ತು, ಈಗ ಗಂಟಲು ಊದಿದೆ, ಯಾವ ಮಾತ್ರೆ ತಗೊಳ್ಳಲಿ?" ದಕ್ಷಿಣ ಕೊಡಗಿನ ಒಂದು ಸಣ್ಣ ಪೇಟೆಯಲ್ಲಿ ಹಲ್ಲಿನ ಕ್ಲಿನಿಕ್ ಇಟ್ಟುಕೊಂಡಿದ್ದೇನೆ. ಇದೇ ಪ್ರಶ್ನೆಗೆ ಇದೇ ಉತ್ತರ ಟೈಪ್ ಮಾಡಿ ಮಾಡಿ ಸಾಕಾಗಿದೆ. ಅದಕ್ಕೇ ಒಂದೇ ಸಲ ಉದ್ದಕ್ಕೆ ಬರೆದುಬಿಡುತ್ತೇನೆ.

ಜನ ತಪ್ಪುವುದು ಕ್ರಮದಲ್ಲಿ. ಮೊದಲು ಒಂದು ಮಾತ್ರೆ, ಅದು ಹಿಡಿಯದಿದ್ದರೆ ಇನ್ನೊಂದು ಮಾತ್ರೆ, ಆಮೇಲೆ ಹಲ್ಲಿನ ಡಾಕ್ಟರು, ಉಸಿರು ಕಟ್ಟಿದ ಮೇಲೆ ಆಸ್ಪತ್ರೆ. ಇದನ್ನು ತಿರುಗಿಸಿ ಹಾಕಬೇಕು. ಉಸಿರು ಮೊದಲು. ಆಮೇಲೆ ಕೀವು ಹೊರಗೆ ಬರಬೇಕು. ಆ ಕೀವಿಗೆ ಕಾರಣವಾದ ಹಲ್ಲಿಗೆ ಒಂದು ಗತಿ ಕಾಣಿಸಬೇಕು. ಆಂಟಿಬಯಾಟಿಕ್ ಇವೆಲ್ಲದರ ಜೊತೆಗೆ ನಡೆಯುತ್ತದೆ, ಇವುಗಳ ಬದಲಿಗೆ ಅಲ್ಲ.

ಇದನ್ನು ಓದಿ ಮನೆಯಲ್ಲೇ ವಾಸಿ ಮಾಡಿಕೊಳ್ಳಲು ಆಗುವುದಿಲ್ಲ. ಸರಿಯಾದ ಜಾಗಕ್ಕೆ ಸರಿಯಾದ ಹೊತ್ತಿಗೆ ತಲುಪುವುದು ಹೇಗೆ, ಅಲ್ಲಿ ಸಹಿ ಕೇಳಿದಾಗ ಯಾಕೆ ಹೆದರಬಾರದು, ಅಷ್ಟೇ ಇದರಲ್ಲಿರುವುದು.

## ಕೈಗೆ ಸಿಗುವಂತೆ ಇರಬೇಕಾದವು

ಥರ್ಮಾಮೀಟರ್, ಟಾರ್ಚ್, ಒಂದು ಬಾಲ್ ಪೆನ್, ಸೆಕೆಂಡ್ ತೋರಿಸುವ ಗಡಿಯಾರ. ಟಾರ್ಚ್ ಮೊಬೈಲಿನದ್ದೇ ಸಾಕು. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಶುಗರ್ ನೋಡುವ ಮೆಷಿನ್.

ಕೋವಿಡ್ ಕಾಲದಲ್ಲಿ ಕೊಂಡ, ಬೆರಳಿಗೆ ಹಾಕುವ ಆಕ್ಸಿಮೀಟರ್ ಎಷ್ಟೋ ಮನೆಗಳ ಡ್ರಾಯರಿನಲ್ಲಿ ಬಿದ್ದಿದೆ. ಇದ್ದರೆ ಇರಲಿ, ಆದರೆ ಅದನ್ನು ನಂಬಿ ಕೂರಬೇಡಿ. ಗಂಟಲಿನ ದಾರಿ ತುಂಬಾ ಕಿರಿದಾಗುವವರೆಗೂ ಅದು 97, 98 ಎಂದೇ ತೋರಿಸಬಹುದು. ಅಂಕಿ ಇಳಿಯಲು ಶುರುವಾಗುವ ಹೊತ್ತಿಗೆ ಕೈಯಲ್ಲಿ ಉಳಿದಿರುವ ಸಮಯ ತೀರ ಕಮ್ಮಿ.

ಕಾಗದದ ವಿಷಯಕ್ಕೆ ಬಂದರೆ, ಆಧಾರ್, ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡ್, ಹಳೆ ಚೀಟಿಗಳು, ಈಗ ತಗೊಳ್ಳುತ್ತಿರುವ ಮಾತ್ರೆಗಳ ಖಾಲಿ ಸ್ಟ್ರಿಪ್ಪುಗಳು. ಬಿಳಿ ಮಾತ್ರೆ, ಗುಲಾಬಿ ಮಾತ್ರೆ ಎಂದರೆ ಯಾವ ಡಾಕ್ಟರಿಗೂ ಏನೂ ಗೊತ್ತಾಗುವುದಿಲ್ಲ. ಸ್ಟ್ರಿಪ್ ತನ್ನಿ.

## ಹಂತ 1: ಊತ ಹಲ್ಲಿನಿಂದಲೇ ಬಂದಿದ್ದಾ ಎಂದು ನೋಡಿ

ಕುತ್ತಿಗೆಗೆ ಇಳಿಯುವ ಕೀವಿಗೆ ಹೆಚ್ಚಿನ ಸಲ ಕಾರಣ ಕೆಳದವಡೆಯ ಹಿಂದಿನ ಹಲ್ಲುಗಳು. ಅದರಲ್ಲೂ ಎರಡನೇ ದವಡೆ ಹಲ್ಲು ಮತ್ತು ಅದರ ಹಿಂದಿರುವ ಬುದ್ಧಿಹಲ್ಲು. ಬಾಯಿಯ ತಳದಲ್ಲಿ ಸ್ನಾಯುವಿನದ್ದೊಂದು ಹಾಸು ಇದೆ, ನಾಲಿಗೆ ಕೂತಿರುವುದು ಅದರ ಮೇಲೆ. ಈ ಹಲ್ಲುಗಳ ಬೇರಿನ ತುದಿ ಸಾಮಾನ್ಯವಾಗಿ ಆ ಹಾಸಿಗಿಂತ ಕೆಳಗೆ ಇರುತ್ತದೆ. ಹಾಗಾಗಿ ಕೀವು ಎಲುಬು ಕೊರೆದು ಆಚೆ ಬಂದರೆ ಬಾಯಿಯೊಳಗೆ ಬರುವುದಿಲ್ಲ, ಸೀದಾ ಕುತ್ತಿಗೆಗೆ ಇಳಿಯುತ್ತದೆ. ಅಲ್ಲಿಂದ ಗಂಟಲ ಪಕ್ಕ, ಗಂಟಲ ಹಿಂದೆ, ಕೊನೆಗೆ ಎದೆಗೂಡಿನ ಒಳಗೆ. ಮಧ್ಯೆ ಗೋಡೆ ಅಂತ ಏನೂ ಇಲ್ಲ.

ಈಗ ಎಲ್ಲರೂ ಮೋಸಹೋಗುವ ಜಾಗ. ಕೀವು ಎಲುಬಿನೊಳಗೆ ಸಿಕ್ಕಿಕೊಂಡಿರುವಾಗ ಒತ್ತಡಕ್ಕೆ ಪ್ರಾಣ ಹೋಗುವಷ್ಟು ನೋವು. ಎಲುಬು ತೂತಾಗಿ ಕೀವು ಆಚೆ ಹರಿದ ಕೂಡಲೇ ಒತ್ತಡ ಇಳಿಯುತ್ತದೆ, ನೋವೂ ಇಳಿಯುತ್ತದೆ. ಮಾತ್ರೆ ಕೆಲಸ ಮಾಡಿತು ಅಂದುಕೊಳ್ಳುತ್ತೇವೆ. ಒಬ್ಬರು ತೋಟದ ರೈಟರು (ಲೆಕ್ಕ ಬರೆಯುವವರು), ಜನವರಿಯಲ್ಲಿ ಕಾಫಿ ಕುಯ್ಲು ಜೋರಾಗಿ ನಡೆಯುವಾಗ ಐದು ದಿನ ಕೆನ್ನೆಗೆ ಟವೆಲ್ ಕಟ್ಟಿಕೊಂಡೇ ಕಣದಲ್ಲಿ ನಿಂತರು, ಆರನೇ ದಿನ ನೋವು ಪೂರ್ತಿ ಹೋಯಿತು ಅಂತ ಖುಷಿಯಾಗಿ ರಾತ್ರಿ ಊಟವನ್ನೂ ಮಾಡಿದರು, ಏಳನೇ ದಿನ ಬೆಳಿಗ್ಗೆ ನನ್ನ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಬಾಯಿಂದ ಜೊಲ್ಲು ಸುರಿಸುತ್ತಾ ಕೂತಿದ್ದರು. ನೋವು ನಿಂತ ದಿನ ಕನ್ನಡಿ ಮುಂದೆ ನಿಂತು ಕುತ್ತಿಗೆ ಮುಟ್ಟಿ ನೋಡಿ. ಸುಮ್ನೆ ಮಲಗಬೇಡಿ.

ಇನ್ನೊಂದು ಗೊಂದಲ ಮಂಗನ ಬಾವು. ಅದರಲ್ಲಿ ಊತ ಕಿವಿಯ ಮುಂದೆ ಮತ್ತು ಕೆಳಗೆ ಶುರುವಾಗುತ್ತದೆ, ಕಿವಿಯ ಹಾಲೆ ಮೇಲಕ್ಕೆ ಎದ್ದಂತೆ ಕಾಣುತ್ತದೆ, ಹೆಚ್ಚಾಗಿ ಮಕ್ಕಳಲ್ಲಿ, ಹಲ್ಲಿಗೂ ಅದಕ್ಕೂ ಸಂಬಂಧ ಇರುವುದಿಲ್ಲ. ಹಲ್ಲಿನ ಊತ ದವಡೆಯ ಅಂಚಿನ ಕೆಳಗೆ ಅಥವಾ ಗದ್ದದ ಕೆಳಗೆ ಕೂರುತ್ತದೆ. ಹಿಂದಿನ ವಾರ ಹಲ್ಲುನೋವಿತ್ತಾ, ತೂತಾದ ಹಲ್ಲಿದೆಯಾ, ಬುದ್ಧಿಹಲ್ಲಿನ ಸುತ್ತ ವಸಡು ಊದಿತ್ತಾ, ಬಾಯಿಂದ ಕೆಟ್ಟ ವಾಸನೆ ಇದೆಯಾ? ಒಂದಕ್ಕೆ ಹೌದು ಎಂದಾದರೂ ಹಲ್ಲಿನದ್ದೇ ಎಂದಿಟ್ಟುಕೊಂಡು ಮುಂದಿನ ಹಂತಕ್ಕೆ ಹೋಗಿ.

## ಹಂತ 2: ಐದು ನಿಮಿಷದ ಪರೀಕ್ಷೆ

ರೋಗಿಯನ್ನು ಕುರ್ಚಿಯಲ್ಲಿ ನೇರ ಕೂರಿಸಿ. ಒಂದೊಂದಾಗಿ ನೋಡಿ, ಕಾಗದದ ಮೇಲೆ ಸಮಯ ಹಾಕಿ ಬರೆದುಕೊಳ್ಳಿ.

1. ಬಾಯಿ ಎಷ್ಟು ತೆರೆಯುತ್ತದೆ? ರೋಗಿಯದ್ದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಮುಂದಿನ ಹಲ್ಲುಗಳ ಮಧ್ಯೆ ಹೋಗಬೇಕು. ಎರಡೇ ಹೋದರೆ ಎಚ್ಚರ. ಒಂದೇ ಹೋಗುತ್ತದೆ ಅಂದರೆ ಸೋಂಕು ಅಗಿಯುವ ಸ್ನಾಯುಗಳ ಸುತ್ತ ಸೇರಿದೆ. ಆಸ್ಪತ್ರೆಯಲ್ಲಿ ಉಸಿರಿನ ನಳಿಕೆ ಹಾಕುವುದೂ ಆಗ ಕಷ್ಟ.

2. ನಾಲಿಗೆ. ತುಟಿಯಿಂದ ಆಚೆ ಚಾಚಲು ಆಗುತ್ತದಾ? ಟಾರ್ಚ್ ಹಿಡಿದು ನಾಲಿಗೆಯ ಕೆಳಗೆ ನೋಡಿ. ಬಾಯಿಯ ತಳ ಉಬ್ಬಿ ನಾಲಿಗೆಯನ್ನು ಅಂಗುಳಿನ ಕಡೆಗೆ ತಳ್ಳುತ್ತಿದ್ದರೆ ಇಲ್ಲಿಗೆ ಪರೀಕ್ಷೆ ಸಾಕು, 108ಕ್ಕೆ ಫೋನ್ ಮಾಡಿ.

3. ನುಂಗುವುದು. ಒಂದೇ ಒಂದು ಗುಟುಕು ನೀರು ಕೊಡಿ. ಅದೂ ಇಳಿಯುವುದಿಲ್ಲ, ಎಂಜಲನ್ನೂ ಬಟ್ಟೆಗೆ ಒರೆಸುತ್ತಿದ್ದಾರೆ ಎಂದರೆ ಅಪಾಯ. ಜ್ವರ ಇಲ್ಲ ಅಲ್ವಾ ಎಂದು ಸಮಾಧಾನ ಮಾಡಿಕೊಳ್ಳಬೇಡಿ.

4. ದನಿ. ಬಾಯಿತುಂಬ ಎಲೆ ಅಡಿಕೆ ಇಟ್ಟುಕೊಂಡು ಮಾತಾಡಿದ ಹಾಗೆ ಕೇಳಿಸುತ್ತಿದೆಯಾ? ನಿನ್ನೆ ಇದ್ದ ದನಿಗೂ ಇವತ್ತಿನದ್ದಕ್ಕೂ ವ್ಯತ್ಯಾಸ ಮನೆಯವರಿಗೇ ಚೆನ್ನಾಗಿ ಗೊತ್ತಾಗುವುದು.

5. ಮಲಗುವುದು. ಪರೀಕ್ಷೆ ಮಾಡಲಿಕ್ಕೆಂದು ಮಲಗಿಸಬೇಡಿ, ಸುಮ್ನೆ ಕೇಳಿ: ನಿನ್ನೆ ರಾತ್ರಿ ಮಲಗಿ ನಿದ್ದೆ ಮಾಡಿದಿರಾ, ಕೂತೇ ಇದ್ದಿರಾ? ಗೋಡೆಗೆ ಒರಗಿ ಕೂತೇ ರಾತ್ರಿ ಕಳೆದವರು, ಕೈ ಎರಡನ್ನೂ ತೊಡೆಗೆ ಊರಿ ಗದ್ದ ಮುಂದೆ ಚಾಚಿ ಕೂರುವವರು, ಉಸಿರಿಗಾಗಿ ಆ ಭಂಗಿ ಹಿಡಿದಿದ್ದಾರೆ ಎಂದರ್ಥ.

6. ಎಣಿಕೆ. ಒಂದು ನಿಮಿಷ ಪೂರ್ತಿ ಉಸಿರು ಎಣಿಸಿ. ದೊಡ್ಡವರಲ್ಲಿ ಸುಮ್ಮನೆ ಕೂತಿರುವಾಗ 20 ದಾಟಬಾರದು. ನಾಡಿ 100 ದಾಟಬಾರದು. ಜ್ವರ 101 ಡಿಗ್ರಿ ದಾಟಿದ್ದರೆ, ಚಳಿ ನಡುಕ ಇದ್ದರೆ, ಮೂತ್ರ ಕಮ್ಮಿ ಆಗಿದ್ದರೆ, ಮಾತು ತಪ್ಪುತ್ತಿದ್ದರೆ ಸೋಂಕು ರಕ್ತಕ್ಕೆ ಸೇರಿರಬಹುದು. ಉಸಿರು ಒಳಗೆ ಎಳೆಯುವಾಗ ಕೀರಲು ಶಬ್ದ ಬಂದರೆ ಇನ್ನು ಒಂದು ನಿಮಿಷವೂ ತಡ ಮಾಡುವ ಹಾಗಿಲ್ಲ.

7. ಕುತ್ತಿಗೆ. ಊತದ ಅಂಚಿನ ಸುತ್ತ ಬಾಲ್ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆಯಿರಿ. ಆಸ್ಪತ್ರೆಯ ಡಾಕ್ಟರಿಗೆ ಇದಕ್ಕಿಂತ ಒಳ್ಳೆಯ ವರದಿ ಇಲ್ಲ. ಎರಡೂ ಕಡೆ ಊದಿದೆಯಾ, ಮುಟ್ಟಿದರೆ ಹಲಗೆ ಹಾಗೆ ಗಟ್ಟಿ ಇದೆಯಾ, ಚರ್ಮ ನೇರಳೆಗೆ ಅಥವಾ ಕಪ್ಪಿಗೆ ತಿರುಗಿದೆಯಾ, ಒತ್ತಿದರೆ ಒಳಗೆ ಗಾಳಿಗುಳ್ಳೆ ಒಡೆದಂತೆ ಚರಚರ ಅನ್ನುತ್ತದಾ? ಕೊನೆಯ ಎರಡು ಅತಿ ಕೆಟ್ಟವು.

ಸಕ್ಕರೆ ಕಾಯಿಲೆಯವರಿಗೆ ಒಂದು ಮಾತು ಜಾಸ್ತಿ. ಅವರಲ್ಲಿ ಜ್ವರ, ನೋವು ಕಮ್ಮಿ ತೋರಿ ಸೋಂಕು ಒಳಗೊಳಗೇ ದೂರ ಹೋಗಿರಬಹುದು, ಜೊತೆಗೆ ಸೋಂಕಿನಿಂದ ಶುಗರ್ ಏರುತ್ತದೆ, ಏರಿದ ಶುಗರಿನಿಂದ ಸೋಂಕು ಏರುತ್ತದೆ. ಬಾಣಂತಿ, ಗರ್ಭಿಣಿ, ಕಿಡ್ನಿ ತೊಂದರೆ ಇರುವವರು, ಸ್ಟೀರಾಯ್ಡ್ ತಗೊಳ್ಳುವವರು, ದಿನಾ ಕುಡಿಯುವವರು, ಸಣ್ಣ ಮಕ್ಕಳು, ಇವರೆಲ್ಲರನ್ನೂ ಒಂದು ಮೆಟ್ಟಿಲು ಮೇಲೆ ಇಟ್ಟೇ ನೋಡಿ.

## ಹಂತ 3: ಎಲ್ಲಿಗೆ ಹೋಗಬೇಕು ಎಂದು ತೀರ್ಮಾನಿಸಿ

ಹಲ್ಲುನೋವು ಮಾತ್ರ, ಊತ ಇಲ್ಲ: ಹತ್ತಿರದ ಹಲ್ಲಿನ ಡಾಕ್ಟರು, ಇವತ್ತು ಅಥವಾ ನಾಳೆ.

ಕೆನ್ನೆ ಅಥವಾ ದವಡೆ ಅಂಚು ಊದಿದೆ, ಮೇಲಿನ ಏಳರಲ್ಲಿ ಯಾವುದೂ ಕೆಟ್ಟಿಲ್ಲ: ಇವತ್ತೇ, ಕತ್ತಲಾಗುವ ಮುಂಚೆ. ಸಾಧ್ಯವಾದರೆ ದವಡೆ ಸರ್ಜನ್ ಇರುವ ಕಡೆ. ವಿರಾಜಪೇಟೆ ಸುತ್ತಿನವರಿಗೆ ಮಗ್ಗುಲದ ಡೆಂಟಲ್ ಕಾಲೇಜು ಹತ್ತಿರ.

ಏಳರಲ್ಲಿ ಒಂದಾದರೂ ಕೆಟ್ಟಿದೆ: ಹಲ್ಲಿನ ಕ್ಲಿನಿಕ್ಕಿಗೆ ಬರಬೇಡಿ. ನಾನೇ ಹೇಳುತ್ತಿದ್ದೇನೆ, ನನ್ನ ಹತ್ತಿರ ಬರಬೇಡಿ. ನನ್ನ ಕುರ್ಚಿ ಹಿಂದಕ್ಕೆ ಒರಗುತ್ತದೆ, ನಿಮಗೆ ಬೇಕಿರುವುದು ನೇರ ಕೂರುವುದು. ನನ್ನ ಹತ್ತಿರ ಅರಿವಳಿಕೆ ಡಾಕ್ಟರಿಲ್ಲ, ಐಸಿಯು ಇಲ್ಲ. ಮಡಿಕೇರಿಯ ಜಿಲ್ಲಾ ಆಸ್ಪತ್ರೆ ಈಗ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬೋಧಕ ಆಸ್ಪತ್ರೆಯೂ ಹೌದು. ಅಂಥ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ನೇರ ಹೋಗಿ. ಎಲ್ಲಿಗೇ ಹೋಗುವುದಾದರೂ ಫೋನಿನಲ್ಲಿ ಮೂರು ಪ್ರಶ್ನೆ ಕೇಳಿ: ಅರಿವಳಿಕೆ ಡಾಕ್ಟರು ಈಗ ಇದ್ದಾರಾ? ಐಸಿಯು ಹಾಸಿಗೆ ಖಾಲಿ ಇದೆಯಾ? ಕಿವಿ ಮೂಗು ಗಂಟಲಿನ ಸರ್ಜನ್ ಅಥವಾ ದವಡೆ ಸರ್ಜನ್ ಸಿಗುತ್ತಾರಾ?

ಆದರೆ ಫೋನ್ ಮಾಡುತ್ತಾ ಮನೆಯಲ್ಲೇ ಕೂರಬೇಡಿ. ಉಸಿರಾಟಕ್ಕೇ ಕಷ್ಟ ಇದ್ದರೆ ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಅಲ್ಲಿ ಆಕ್ಸಿಜನ್, ಕೈಗೆ ಡ್ರಿಪ್, ಆಂಟಿಬಯಾಟಿಕ್ ಇಂಜೆಕ್ಷನ್ನಿನ ಮೊದಲ ಡೋಸ್ ಶುರುವಾದರೆ, ಮುಂದಿನ ದಾರಿಗೆ ಜೊತೆಯಲ್ಲಿ ಒಬ್ಬ ತಿಳಿದವರು ಬಂದರೆ, ಅದೇ ದೊಡ್ಡ ಬಲ.

## ಹಂತ 4: ಹೊರಡುವ ಮುಂಚೆ ಮಾಡಬಾರದ ಕೆಲಸಗಳು

ಊತಕ್ಕೆ ಬಿಸಿ ಶಾಖ ಕೊಡಬೇಡಿ. ಸೂಜಿ, ಬ್ಲೇಡು, ಕಿತ್ತಳೆ ಮುಳ್ಳು, ಯಾವುದರಿಂದಲೂ ಚುಚ್ಚಬೇಡಿ. ಅದು ಮೊಡವೆ ಅಲ್ಲ. ಕೀವು ಚರ್ಮದಿಂದ ಬಹಳ ಒಳಗೆ ಇರುತ್ತದೆ, ಆ ದಾರಿಯಲ್ಲಿ ರಕ್ತನಾಳಗಳಿವೆ. ಸೊಪ್ಪಿನ ರಸ, ಸುಣ್ಣ, ಹೊಗೆಸೊಪ್ಪು ಯಾವುದನ್ನೂ ಹಚ್ಚಬೇಡಿ. ಬಣ್ಣ ಮುಚ್ಚಿಹೋದರೆ ನಮಗೆ ಚರ್ಮ ನೋಡಲಿಕ್ಕೇ ಆಗುವುದಿಲ್ಲ.

ಬ್ರಾಂಡಿ ಬಾಯಲ್ಲಿ ಹಿಡಿದುಕೊಳ್ಳುವ ವೈದ್ಯ ನಮ್ಮ ಕಡೆ ಎಲ್ಲರಿಗೂ ಗೊತ್ತು. ಹಿಡಿದದ್ದು ಹೆಚ್ಚಿನ ಸಲ ಹೊಟ್ಟೆಗೇ ಹೋಗುತ್ತದೆ ಅನ್ನುವುದೂ ಗೊತ್ತು. ಕುಡಿದವರಿಗೆ ಅರಿವಳಿಕೆ ಕೊಡುವುದು ಕಷ್ಟ, ವಾಂತಿಯಾದರೆ ಶ್ವಾಸಕೋಶಕ್ಕೆ ಹೋಗುತ್ತದೆ.

ಮೆಡಿಕಲ್ ಶಾಪಿನಲ್ಲಿ ಊತ ಇಳಿಯಲು ಕೊಡಿ ಎಂದು ಕೇಳಿ ತಂದ ಪೊಟ್ಟಣದಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ. ಎರಡು ದಿನ ಮುಖ ಇಳಿದಂತೆ ಕಾಣುತ್ತದೆ, ಒಳಗೆ ಸೋಂಕಿಗೆ ಬಾಗಿಲು ತೆರೆದುಕೊಟ್ಟಿರುತ್ತೀರಿ. ಆಸ್ಪತ್ರೆಯಲ್ಲಿ ಡಾಕ್ಟರು ಉಸಿರಿನ ದಾರಿಯ ಊತಕ್ಕೆ ಅದೇ ಔಷಧಿಯನ್ನು ಲೆಕ್ಕ ಹಾಕಿ ಕೊಡಬಹುದು, ಅದು ಬೇರೆ ಮಾತು. ನೋವಿನ ಮಾತ್ರೆ ಮೇಲೆ ಮಾತ್ರೆ ನುಂಗುತ್ತಿದ್ದರೆ ಜ್ವರವೂ ಮುಚ್ಚಿಹೋಗುತ್ತದೆ. ಹಂತ 2ರಲ್ಲಿ ಥರ್ಮಾಮೀಟರ್ ಏನೂ ತೋರಿಸದಿದ್ದರೆ ಕೊನೆಯ ಮಾತ್ರೆ ಯಾವಾಗ ಎಂದು ಕೇಳಿ.

ಪಕ್ಕದ ಮನೆಯವರ ಹತ್ತಿರ ಉಳಿದಿದ್ದ ನಾಲ್ಕು ಆಂಟಿಬಯಾಟಿಕ್ ಕ್ಯಾಪ್ಸೂಲ್ ಬೇಡ. ಗಟ್ಟಿಯಾಗಿ ಕಟ್ಟಿಕೊಂಡ ಕೀವಿನ ಒಳಗೆ ರಕ್ತ ಹರಿಯುವುದಿಲ್ಲ. ರಕ್ತ ಹೋಗದ ಕಡೆ ಔಷಧಿಯೂ ಸರಿಯಾಗಿ ಹೋಗುವುದಿಲ್ಲ. ಮಾತ್ರೆ ಒಂದರಿಂದಲೇ ಇದು ಕರಗದೆ ಇರುವುದಕ್ಕೆ ಕಾರಣ ಇಷ್ಟೇ.

ಊಟ ಕೊಡಬೇಡಿ. ಒಂದು ಗುಟುಕು ನೀರಿನ ಪರೀಕ್ಷೆ ಮುಗಿದ ಮೇಲೆ ಅದೂ ಸಾಕು. ಆಪರೇಷನ್ನಿಗೆ ಹೊಟ್ಟೆ ಖಾಲಿ ಇರಬೇಕು, ಸಾಮಾನ್ಯವಾಗಿ ಗಟ್ಟಿ ಆಹಾರ ತಿಂದು 6 ಗಂಟೆ ಕಳೆದಿರಬೇಕು ಎಂದು ಕೇಳುತ್ತಾರೆ. ಹಸಿದುಕೊಂಡು ಹೋಗುವುದು ಹೇಗೆ ಎಂದು ಅಜ್ಜಿ ಗಂಜಿ ಕುಡಿಸುವುದು ಪ್ರೀತಿಯಿಂದಲೇ, ಆದರೆ ಅದೇ ಗಂಜಿ ಆಮೇಲೆ ತೊಂದರೆ ಕೊಡುತ್ತದೆ. ಸಕ್ಕರೆ ಕಾಯಿಲೆಯವರು ಊಟ ಬಿಟ್ಟು ಇನ್ಸುಲಿನ್ ಅಥವಾ ಮಾತ್ರೆ ಮಾತ್ರ ತಗೊಂಡರೆ ಶುಗರ್ ಕುಸಿಯಬಹುದು. ಆಸ್ಪತ್ರೆಗೆ ಫೋನ್ ಮಾಡುವಾಗ ಇದನ್ನೂ ಕೇಳಿಕೊಳ್ಳಿ, ದಾರಿಯಲ್ಲಿ ಶುಗರ್ ನೋಡುತ್ತಿರಿ.

## ಹಂತ 5: ದಾರಿ

ಕೊಡಗಿನಲ್ಲಿ ಕಾಯಿಲೆಗಿಂತ ದಾರಿ ಉದ್ದ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಮಂಗಳೂರು ಅದಕ್ಕಿಂತ ಸ್ವಲ್ಪ ಜಾಸ್ತಿ, ಎರಡಕ್ಕೂ ಮೂರು ಗಂಟೆಯ ಲೆಕ್ಕ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಆ ಲೆಕ್ಕವೂ ಇಲ್ಲ. 2018ರ ಆಗಸ್ಟಿನಲ್ಲಿ ಮಂಗಳೂರು ದಾರಿಯ ಸಂಪಾಜೆ ಕಡೆ ರಸ್ತೆ ಕುಸಿದದ್ದನ್ನು ಯಾರೂ ಮರೆತಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡುವ ಮುಂಚೆ ದಾರಿ ತೆರೆದಿದೆಯಾ, ಮರ ಬಿದ್ದಿದೆಯಾ ಎಂದು ಆ ಕಡೆಯವರಿಗೆ ಒಂದು ಫೋನ್ ಮಾಡಿ. ದಕ್ಷಿಣ ಕೊಡಗಿನಿಂದ ಮೈಸೂರಿಗೆ ಹೋಗುವ ದಾರಿಯ ತಿತಿಮತಿ ಕಡೆ ರಾತ್ರಿ ಹೊತ್ತು ಆನೆ ದಾಟುತ್ತವೆ, ಅಲ್ಲಿ ಅರ್ಧ ಗಂಟೆ ನಿಲ್ಲಬೇಕಾಗಿ ಬಂದರೂ ಬರಬಹುದು. ಬೆಳಿಗ್ಗೆ ನೋಡೋಣ ಅನ್ನುವುದು ಯಾರಿಗೂ ಸರಿಯಲ್ಲ, ಹೀಗಾಗಿ ನಮಗಂತೂ ಅಲ್ಲವೇ ಅಲ್ಲ. ನಮಗೆ ಸಂಜೆ ನಾಲ್ಕಕ್ಕೆ ಕಂಡ ಊತಕ್ಕೆ ಸಂಜೆ ನಾಲ್ಕಕ್ಕೇ ಹೊರಡಬೇಕು.

108ಕ್ಕೆ ಹೇಳುವಾಗ ತೋಟದ ಹೆಸರು ಮಾತ್ರ ಹೇಳಿದರೆ ಸಾಲದು. ಹತ್ತಿರದ ಬಸ್ ಸ್ಟಾಪ್, ಶಾಲೆ, ಗೇಟಿನ ಗುರುತು ಹೇಳಿ. ಲೈನ್ ಮನೆಯವರೆಗೆ (ತೋಟದ ಕೆಲಸಗಾರರ ಸಾಲು ಮನೆಗಳು) ಆಂಬುಲೆನ್ಸ್ ಇಳಿಯದ ರಸ್ತೆಯಾದರೆ ತೋಟದ ಜೀಪಿನಲ್ಲಿ ಮುಖ್ಯ ರಸ್ತೆವರೆಗೆ ತಂದು ಕಾಯಿರಿ. ತೋಟದ ಮಾಲೀಕರಿಗೂ ಮೇಸ್ತ್ರಿಗಳಿಗೂ ಇದನ್ನೇ ಹೇಳುತ್ತೇನೆ: ಜೀಪ್ ಕೊಡುವುದಾದರೆ ಆಗಲೇ ಕೊಡಿ, ಲೋಡ್ ಇಳಿಸಿ ಬಂದ ಮೇಲೆ ಬೇಡ.

ವಾಹನದಲ್ಲಿ ರೋಗಿ ನೇರ ಕೂರಬೇಕು, ಬೇಕಿದ್ದರೆ ಸ್ವಲ್ಪ ಮುಂದಕ್ಕೆ ಬಾಗಿ. ಹಿಂದಿನ ಸೀಟಿನಲ್ಲಿ ತೊಡೆ ಮೇಲೆ ತಲೆ ಇಟ್ಟು ಮಲಗಿಸಿಕೊಂಡು ಬರುವುದೇ ನಾನು ನೋಡಿದ ಅತಿ ದೊಡ್ಡ ತಪ್ಪು. ಮಲಗಿದರೆ ಊದಿದ ನಾಲಿಗೆ ಹಿಂದಕ್ಕೆ ಬಿದ್ದು ದಾರಿ ಮುಚ್ಚುತ್ತದೆ. ಸುಸ್ತಾಗಿದ್ದಾರೆ, ಸ್ವಲ್ಪ ಒರಗಲಿ ಎಂದು ಅನ್ನಿಸುತ್ತದೆ. ಬೇಡ. ಜೊಲ್ಲು ಉಗಿಯಲು ಬಟ್ಟೆಯೋ ಪ್ಲಾಸ್ಟಿಕ್ ಡಬ್ಬವೋ ಕೊಡಿ. ಪಕ್ಕದಲ್ಲಿ ಒಬ್ಬರು ಎಚ್ಚರವಾಗಿ ಕೂತು ಹತ್ತು ನಿಮಿಷಕ್ಕೊಮ್ಮೆ ಮಾತಾಡಿಸಿ. ಕೂಗಾಡುತ್ತಿದ್ದವರು ಇದ್ದಕ್ಕಿದ್ದಂತೆ ಸುಮ್ಮನಾದರೆ ನೆಮ್ಮದಿ ಪಡಬೇಡಿ, ಸುಸ್ತಾಗಿ ಉಸಿರಾಟ ಸೋಲುತ್ತಿದೆ ಎಂದು ತಿಳಿಯಿರಿ. ಮುಂದಿನ ಯಾವುದೇ ಆಸ್ಪತ್ರೆ ಬೋರ್ಡಿಗೆ ಗಾಡಿ ತಿರುಗಿಸಿ.

## ಹಂತ 6: ಬಾಗಿಲಲ್ಲಿ ಹೇಳಬೇಕಾದ ಮೊದಲ ಮಾತು

"ಹಲ್ಲುನೋವು ಸಾರ್" ಎಂದು ಶುರು ಮಾಡಿದರೆ ನಿಮ್ಮನ್ನು ಬೆಂಚಿನ ಮೇಲೆ ಕೂರಿಸುತ್ತಾರೆ. ಅದು ಅವರ ತಪ್ಪೂ ಅಲ್ಲ. ಹೀಗೆ ಹೇಳಿ: "ಹಲ್ಲಿನ ಸೋಂಕು ಕುತ್ತಿಗೆಗೆ ಇಳಿದಿದೆ, ನುಂಗಲು ಆಗುತ್ತಿಲ್ಲ, ಮಲಗಲು ಆಗುತ್ತಿಲ್ಲ." ಆಮೇಲೆ ಕಾಗದ ಕೊಡಿ. ಅದರಲ್ಲಿ ಇರಬೇಕಾದದ್ದು: ಊತ ಶುರುವಾದ ದಿನ, ಪೆನ್ನಿನ ಗೆರೆಯ ಗಂಟೆ, ಕೊನೆಯ ಊಟ, ತಗೊಂಡ ಮಾತ್ರೆಗಳು, ಶುಗರ್, ಯಾವ ಔಷಧಿ ಒಗ್ಗುವುದಿಲ್ಲ, ರಕ್ತ ತೆಳುವಾಗಲು ಏನಾದರೂ ತಗೊಳ್ಳುತ್ತಿದ್ದಾರಾ. ಪೆನಿಸಿಲಿನ್ ಒಗ್ಗದವರು ಅದನ್ನು ಎರಡು ಸಲ ಹೇಳಿ.

ಸಿಟಿ ಸ್ಕ್ಯಾನಿಗೆ ಕಳಿಸುವಾಗ ಒಂದು ವಿಷಯ ನೆನಪಿರಲಿ. ಅದರಲ್ಲಿ ಮಲಗಲೇಬೇಕು. ಮಲಗಲು ಆಗುತ್ತಿಲ್ಲ ಎಂದು ಗಟ್ಟಿಯಾಗಿ ಹೇಳಿ. ಅಂಥವರಿಗೆ ಮೊದಲು ಉಸಿರಿನ ದಾರಿ ಭದ್ರ ಮಾಡಿಯೇ ಸ್ಕ್ಯಾನ್ ಮಾಡುತ್ತಾರೆ.

## ಹಂತ 7: ಸಹಿ ಕೇಳುವ ಹೊತ್ತು

ಎಲ್ಲ ಸರಿಯಾಗಿ ಮಾಡಿಕೊಂಡು ಬಂದವರೂ ಎಡವುವುದು ಇಲ್ಲಿ.

ಮೊದಲ ಸಹಿ ಉಸಿರಿನದ್ದು. ಬಾಯಿ ತೆರೆಯದಿದ್ದರೆ ಅರಿವಳಿಕೆ ಡಾಕ್ಟರು ರೋಗಿ ಎಚ್ಚರ ಇರುವಾಗಲೇ ಮೂಗಿನ ಮೂಲಕ ಕ್ಯಾಮೆರಾ ಇರುವ ಸಣ್ಣ ನಳಿಕೆ ಹಾಯಿಸಿ ದಾರಿ ಮಾಡಬಹುದು. ಅದು ಆಗದಿದ್ದರೆ ಕುತ್ತಿಗೆಯ ಮುಂಭಾಗದಲ್ಲಿ ಸಣ್ಣ ತೂತು ಮಾಡಿ ನಳಿಕೆ ಇಡುತ್ತಾರೆ, ಅದೇ ಟ್ರಕಿಯಾಸ್ಟಮಿ. "ಹಲ್ಲುನೋವಿಗೆ ಗಂಟಲು ಕೊಯ್ಯುತ್ತಾರಂತೆ" ಎಂದು ಊರಿಗೆ ಫೋನ್ ಹೋಗುತ್ತದೆ, ಮಾವನವರು ಬರಲಿ, ದೊಡ್ಡಪ್ಪ ಬರಲಿ ಎಂದು ಎರಡು ಗಂಟೆ ಕಳೆಯುತ್ತದೆ. ಆ ಎರಡು ಗಂಟೆ ನಿಮ್ಮ ಹತ್ತಿರ ಇಲ್ಲ. ಆ ತೂತು ತಾತ್ಕಾಲಿಕ. ಊತ ಇಳಿದ ಮೇಲೆ ನಳಿಕೆ ತೆಗೆಯುತ್ತಾರೆ, ತೂತು ಸಾಮಾನ್ಯವಾಗಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ನಳಿಕೆ ಇರುವಷ್ಟು ದಿನ ಮಾತು ಬರುವುದಿಲ್ಲ, ದನಿಯೇ ಹೋಯಿತು ಎಂದು ಅಳಬೇಡಿ. ಒಂದು ಸ್ಲೇಟೋ ನೋಟ್‌ಬುಕ್ಕೋ ಕೊಡಿ.

ಎರಡನೇ ಸಹಿ ಕೀವು ತೆಗೆಯುವುದಕ್ಕೆ. ಹಲ್ಲು ಒಳಗಿದೆ, ಹೊರಗೆ ಯಾಕೆ ಕೊಯ್ಯಬೇಕು ಎಂದು ಎಲ್ಲರೂ ಕೇಳುತ್ತಾರೆ. ಗದ್ದೆಯಲ್ಲಿ ನೀರು ನಿಂತರೆ ಏರಿನ ಕಡೆ ಬದು ಕಡಿಯುತ್ತೀರಾ, ತಗ್ಗಿನ ಕಡೆಯಾ? ಇದೂ ಹಾಗೇ, ಕೀವು ಕೂತಿರುವ ಜಾಗಕ್ಕಿಂತ ಕೆಳಗೆ ದಾರಿ ಬಿಟ್ಟರೆ ತಾನಾಗಿ ಹರಿದು ಹೋಗುತ್ತದೆ. ಒಂದಕ್ಕಿಂತ ಹೆಚ್ಚು ಕಡೆ ಕೊಯ್ಯಬೇಕಾಗಬಹುದು. ಆ ತೂತುಗಳಲ್ಲಿ ರಬ್ಬರ್ ಪಟ್ಟಿ ಇಟ್ಟು ಬಿಡುತ್ತಾರೆ, ಅದು ಡ್ರೈನ್. ಕೆಲವು ಸಲ ಕೊಯ್ದರೂ ಕೀವೇ ಬರುವುದಿಲ್ಲ, ಬರೀ ನೀರಿನಂಥದ್ದು ಬರುತ್ತದೆ. "ಸುಮ್ನೆ ಕೊಯ್ದರು" ಎಂದು ಜಗಳ ಆಗುವುದು ಆಗಲೇ. ಗದ್ದದ ಕೆಳಗೆ ಎರಡೂ ಕಡೆ ಹಲಗೆಯಂತೆ ಗಟ್ಟಿಯಾಗುವ ಬಗೆಯಲ್ಲಿ ಶುರುವಿನಲ್ಲಿ ಕೀವು ಕಟ್ಟಿರುವುದಿಲ್ಲ, ಬರೀ ಬಿಗಿತ. ಅಲ್ಲಿ ಕೊಯ್ಯುವುದು ಒತ್ತಡ ಬಿಡಿಸಲಿಕ್ಕೆ. ಸಿಕ್ಕಿದ್ದನ್ನು ಕಲ್ಚರ್ ಪರೀಕ್ಷೆಗೆ ಕಳಿಸುತ್ತಾರೆ, ಯಾವ ಔಷಧಿ ನಾಟುತ್ತದೆ ಎಂದು ಕೆಲವು ದಿನದಲ್ಲಿ ತಿಳಿಯುತ್ತದೆ.

ಮೂರನೆಯದು ಹಲ್ಲು. ಊತ ಇಳಿಯಲಿ, ಆಮೇಲೆ ಕೀಳೋಣ ಎನ್ನುವುದು ಹಳೆಯ ನಂಬಿಕೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಹಾಗೆ ಹೇಳಿ ಒಬ್ಬ ಹೆಂಗಸನ್ನು ಮಾತ್ರೆ ಕೊಟ್ಟು ಮನೆಗೆ ಕಳಿಸಿದ್ದೆ, ಮೂರು ದಿನಕ್ಕೆ ಅವರು ಬೇರೆ ಊರಿನ ಐಸಿಯುನಲ್ಲಿದ್ದರು. ಬದುಕಿಕೊಂಡರು. ಈಗಲೂ ಸಂತೆಯಲ್ಲಿ ಸಿಕ್ಕಿದರೆ ನಾನೇ ತಲೆ ತಗ್ಗಿಸುತ್ತೇನೆ. ಕಾರಣವಾದ ಹಲ್ಲನ್ನು ಬೇಗ ಕಿತ್ತಷ್ಟೂ ಒಳ್ಳೆಯದು, ಆಗುವುದಾದರೆ ಕೀವು ತೆಗೆಯುವ ಅದೇ ಆಪರೇಷನ್ನಿನಲ್ಲಿ. ಊತ ಇರುವಾಗ ಕಿತ್ತರೆ ಸೋಂಕು ಹರಡುತ್ತದೆ ಎನ್ನುವುದು ಸರಿಯಲ್ಲ. ಸೋಂಕಿರುವ ಜಾಗದಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಸರಿಯಾಗಿ ಹಿಡಿಯುವುದಿಲ್ಲ, ಅದು ನಿಜ. ಪೂರ್ತಿ ಅರಿವಳಿಕೆ ಕೇಳುವುದಕ್ಕೆ ಅದೂ ಒಂದು ಕಾರಣ. ಗರ್ಭಿಣಿಯರಿಗೆ ಏನೂ ಮಾಡಬಾರದು ಎನ್ನುವುದೂ ತಪ್ಪು. ಇಂಥ ಸೋಂಕನ್ನು ಬಿಟ್ಟರೆ ತಾಯಿಗೂ ಮಗುವಿಗೂ ಅಪಾಯ. ಎಷ್ಟು ತಿಂಗಳು ಎಂದು ಮೊದಲೇ ಹೇಳಿ, ಸಾಕು.

## ಹಂತ 8: ವಾರ್ಡಿನಲ್ಲಿ

ಡ್ರಿಪ್ಪಿನಲ್ಲಿ ಆಂಟಿಬಯಾಟಿಕ್, ಶುಗರಿಗೆ ಇನ್ಸುಲಿನ್, ದಿನಾ ಡ್ರೆಸ್ಸಿಂಗ್. ಮೊದಲೆರಡು ದಿನ ಊತ ಅಷ್ಟೇ ಇದ್ದಂತೆ ಕಾಣಬಹುದು. ಜ್ವರ, ನಾಡಿ, ರಕ್ತಪರೀಕ್ಷೆಯ ಅಂಕಿಗಳು ಇಳಿಯುತ್ತಿವೆಯಾ ಎಂದು ಕೇಳಿ. ಇಳಿಯದಿದ್ದರೆ ಮತ್ತೆ ಸ್ಕ್ಯಾನ್, ಬೇಕಿದ್ದರೆ ಮತ್ತೊಮ್ಮೆ ಕೊಯ್ಯುವುದು. ಎರಡನೇ ಸಲ ಒಳಗೆ ಕರೆದುಕೊಂಡು ಹೋದರು ಅಂದರೆ ಮೊದಲ ಸಲ ಕೆಡಿಸಿದರು ಎಂದಲ್ಲ.

ಮೂರನೇ ದಿನಕ್ಕೆ ಮುಖ ಸ್ವಲ್ಪ ಇಳಿದ ಕೂಡಲೇ ಸಹಿ ಹಾಕಿ ಹೊರಟುಬಿಡುವವರು ಇದ್ದಾರೆ. ಕೂಲಿ ಹೋಗುತ್ತದೆ, ಕಾಫಿ ಉದುರುತ್ತದೆ, ಪುತ್ತರಿ ಸುಗ್ಗಿ ಹಬ್ಬಕ್ಕೆ ಮನೆಯಲ್ಲಿರಬೇಕು. ಕಷ್ಟ ಗೊತ್ತು. ಆದರೆ ಡ್ರೈನ್ ಇಟ್ಟುಕೊಂಡು ಊರಿಗೆ ಹೋದರೆ ಅದನ್ನು ತೆಗೆಯುವವರು ಯಾರು? ಖರ್ಚಿನ ಚಿಂತೆ ಇದ್ದರೆ ಮೊದಲ ದಿನವೇ ಆಯು‍ಷ್ಮಾನ್ ಕೌಂಟರಿಗೆ ಹೋಗಿ ಕೇಳಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯ ಇದೆ. ಡಿಸ್ಚಾರ್ಜಿನ ದಿನ ಕೇಳಿದರೆ ತಡ.

## ಹಂತ 9: ಮನೆಗೆ ಬಂದ ಮೇಲೆ

ಬರೆದುಕೊಟ್ಟಷ್ಟು ದಿನ ಮಾತ್ರೆ ಮುಗಿಸಿ. ಅದರಲ್ಲಿ ಮೆಟ್ರೊನಿಡಜೋಲ್ ಎಂಬ ಆಂಟಿಬಯಾಟಿಕ್ ಇದ್ದರೆ ಮದ್ಯ ಕುಡಿಯಬೇಡಿ, ಮದುವೆ ಮನೆಯಲ್ಲಿ ಯಾರು ಎಷ್ಟೇ ಒತ್ತಾಯ ಮಾಡಿದರೂ. ಹಲ್ಲು ಕಿತ್ತ ಮರುದಿನದಿಂದ ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಬಾಯಿ ಮೆಲ್ಲಗೆ ಮುಕ್ಕಳಿಸಿ. ಗಂಜಿ, ಮೆತ್ತಗಿನ ಅನ್ನ, ಬೇಯಿಸಿದ ಮೊಟ್ಟೆ. ಪಂದಿ ಕರಿ (ಹಂದಿ ಮಾಂಸ) ಕಾದೀತು. ಶುಗರ್ ದಿನಾ ನೋಡಿ.

ಬಾಯಿ ಮಾತ್ರ ತಾನಾಗಿ ತೆರೆಯುವುದಿಲ್ಲ, ತೆರೆಸಬೇಕು. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಮುಂದಿನ ಹಲ್ಲುಗಳ ಮಧ್ಯೆ ಇಡಿ, ಎಷ್ಟು ಹಿಡಿಯುತ್ತದೋ ಅಷ್ಟು. ದಿನಕ್ಕೆ ನಾಲ್ಕೈದು ಸಲ, ಸಲಕ್ಕೆ ಕೆಲವು ನಿಮಿಷ. ಎರಡು ದಿನಕ್ಕೊಂದು ಕಡ್ಡಿ ಹೆಚ್ಚಿಸಲು ನೋಡಿ. ನೋವು ಸ್ವಲ್ಪ ಆಗುತ್ತದೆ. ಯಾವಾಗ ಶುರು ಮಾಡಬೇಕು ಎಂದು ಆಪರೇಷನ್ ಮಾಡಿದ ಡಾಕ್ಟರನ್ನೇ ಕೇಳಿ.

ಮತ್ತೆ ಜ್ವರ, ಎದೆ ನೋವು, ಏದುಸಿರು, ನುಂಗಲು ತೊಂದರೆ, ಗಾಯದಿಂದ ಮತ್ತೆ ಕೀವು, ಇವುಗಳಲ್ಲಿ ಯಾವುದು ಬಂದರೂ ಅದೇ ಆಸ್ಪತ್ರೆಗೆ ಅದೇ ದಿನ ವಾಪಸ್. ಕುತ್ತಿಗೆಯ ಸೋಂಕಿನ ನಂತರ ಎದೆ ನೋವು ಎಂದರೆ ಗ್ಯಾಸ್ ಎಂದುಕೊಳ್ಳಬೇಡಿ, ಕೀವು ಎದೆಗೂಡಿಗೆ ಇಳಿದಿರಬಹುದು.

ಇನ್ನು ಬಾಯಲ್ಲಿ ಉಳಿದಿರುವ ತೂತು ಹಲ್ಲುಗಳು. ಕಿತ್ತದ್ದು ಒಂದನ್ನು, ಪಕ್ಕದಲ್ಲಿ ಇನ್ನೆರಡು ಅದೇ ಸ್ಥಿತಿಯಲ್ಲಿರುತ್ತವೆ. ಗಾಯ ಮಾಗಿ ಬಾಯಿ ಮೂರು ಬೆರಳು ತೆರೆಯುವಂತಾದ ವಾರವೇ ಬನ್ನಿ, ಒಂದಕ್ಕೆ ಬೇರುನಾಳದ ಚಿಕಿತ್ಸೆಯೋ (ರೂಟ್ ಕೆನಾಲ್), ಇನ್ನೊಂದನ್ನು ಕೀಳುವುದೋ ನೋಡೋಣ. ಈ ಸಲ ಕುರ್ಚಿ ಒರಗಿಸಿದರೂ ಭಯ ಇಲ್ಲ.